ಮಲೆನಾಡಿನ ಮರಗೆಲಸದ ಶೆಡ್ಡು ಮತ್ತು ಹುಡಿ ಎಳೆಯುವ ಯಂತ್ರ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಮುಚ್ಚಿಗೆ, ಬಾಗಿಲುವಾಡಗಳೆಲ್ಲ ಮರದವೇ ಆಗಿರುವುದು ಈ ಸೀಮೆಯ ಬಡಗಿಗಳ ಕಸುಬು ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ತೋರಿಸುತ್ತದೆ; ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರಿದಾದ ರೈಲುಹಳಿ ಹಾಕಿದ್ದರ ಹಿಂದೆಯೂ ಕಾಡಿನ ಮರದ ಸಾಗಣೆಯಿತ್ತು. ಆಚಾರಿಗಳು ಮನೆಯಂಗಳಕ್ಕೇ ಬಂದು ಉಳಿ, ಬಾಚಿ, ಕೀಸುಳಿಗಳಿಂದ ಮಾಡುತ್ತಿದ್ದ ಕೆಲಸ ಈಗ ಬಹುಮಟ್ಟಿಗೆ ವಿದ್ಯುತ್ ಯಂತ್ರಗಳಿರುವ ಶೆಡ್ಡುಗಳಿಗೆ ಸರಿದಿದ್ದು, ಯಂತ್ರಗಳ ಬೆಲೆ ಒಬ್ಬರ ಕೈಗೆ ಎಟುಕದಿರುವಲ್ಲಿ ಹಲವರು ಕೂಡಿ ಒಂದೇ ಶೆಡ್ಡನ್ನು ಬಳಸುವುದು ಅನುಕೂಲವೆನಿಸುತ್ತದೆ. ಈ ಬದಲಾವಣೆಯಿಂದ ಕೆಲಸದ ವೇಗವಷ್ಟೇ ಅಲ್ಲ, ಧೂಳಿನ ಸ್ವರೂಪವೂ ಬದಲಾಯಿತು. ಕೀಸುಳಿಯಿಂದ ಏಳುವ ಸುರುಳಿ ಕಾಲಬುಡದಲ್ಲಿ ಬೀಳುತ್ತದೆ; ಉಪ್ಪುಕಾಗದವನ್ನು ವೇಗವಾಗಿ ತಿರುಗಿಸುವ ಸ್ಯಾಂಡರ್ ಯಂತ್ರದ ಹುಡಿಯಾದರೋ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತ, ಶೆಡ್ಡಿನಲ್ಲಿರುವ ಎಲ್ಲರ ಉಸಿರಿಗೂ ಸೇರುತ್ತದೆ.

ಕಣ್ಣಿಗೆ ಕಾಣುವ ಹೊಟ್ಟಿಗಿಂತ ಕಾಣದ ಹುಡಿಯೇ ಹೆಚ್ಚು ಅಪಾಯಕಾರಿ. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದಲ್ಲಿ 70 ಪಾಲಿನಷ್ಟು, ದಪ್ಪವಿದ್ದರೆ, 10 ಮೈಕ್ರಾನಿಗಿಂತ ಸಣ್ಣ ಕಣಗಳು ಗಂಟಲನ್ನು ದಾಟಿ ಇಳಿಯಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಹುಡಿಯನ್ನು, ಮೂಗು ಮತ್ತು ಅದರ ಸುತ್ತಲಿನ ಕುಹರಗಳಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಮಲೆನಾಡಿಗೆ ಪರಿಚಿತವಾದ ಬೀಟೆ ಮತ್ತು ಸಾಗುವಾನಿಗಳ ಹುಡಿ ಕೆಲವರ ಚರ್ಮದಲ್ಲಿ ತುರಿಕೆಯನ್ನೂ ಗಂಧೆಯನ್ನೂ ಎಬ್ಬಿಸುತ್ತದೆ. 1948ರ ಕಾರ್ಖಾನೆ ಕಾಯಿದೆಯ 14ನೆಯ ಕಲಮು, ಧೂಳನ್ನು ಅದು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಎಳೆದು ಹೊರಹಾಕಬೇಕೆಂದು ಹೇಳಿತ್ತು. ಆದರೆ ನಾಲ್ಕೈದು ಜನ ದುಡಿಯುವ ಸಣ್ಣ ಶೆಡ್ಡು ಸಾಮಾನ್ಯವಾಗಿ ಆ ಕಾಯಿದೆಯ ವ್ಯಾಪ್ತಿಗೇ ಬರುತ್ತಿರಲಿಲ್ಲ. ಆದ್ದರಿಂದ ಈ ಹೊಣೆ ಅಲ್ಲಿ ಕೆಲಸ ಮಾಡುವವರ ಮೇಲೆಯೇ ಬೀಳುತ್ತದೆ.

ಸಂಜೆ ಕೆಲಸ ಮುಗಿದ ಮೇಲೆ ಬ್ಲೋವರಿನಿಂದ ಹುಡಿಯನ್ನು ಊದಿ ತೆಗೆಯುವ ರೂಢಿಯನ್ನು ಈ ದೃಷ್ಟಿಯಿಂದ ನೋಡಬೇಕು. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಧೂಳನ್ನು ಊದುವ ಯಂತ್ರವೊಂದನ್ನು ಕಂಡು, ಊದಿದ ಧೂಳು ಮತ್ತೆ ಅಲ್ಲಿಯೇ ಕೂರುತ್ತದೆಂಬುದನ್ನು ಗಮನಿಸಿ, ಊದುವುದರ ಬದಲು ಎಳೆದು ಬಟ್ಟೆಯಲ್ಲಿ ಸೋಸುವ ಯಂತ್ರವನ್ನು ರೂಪಿಸಿದ. ವ್ಯಾಕ್ಯೂಮ್ ಕ್ಲೀನರಿನ ಇತಿಹಾಸದಲ್ಲಿ ಈ ತಿಳಿವಳಿಕೆ ದೊಡ್ಡ ತಿರುವು.

ಹೀಗೆ ಎಳೆಯುವ ಯಂತ್ರದಲ್ಲಿ ಮೋಟಾರು ಫ್ಯಾನನ್ನು ವೇಗವಾಗಿ ತಿರುಗಿಸಿದಾಗ, ಹುಡಿ ಸೇರುವ ಡ್ರಮ್ಮಿನೊಳಗೆ ಗಾಳಿಯ ಒತ್ತಡ ಕುಸಿಯುತ್ತದೆ; ಹೊರಗಿನ ಗಾಳಿ ಹುಡಿಯೊಡನೆ ಪೈಪಿನೊಳಗೆ ನುಗ್ಗಿ, ಹುಡಿ ಫಿಲ್ಟರಿನಲ್ಲಿ ತಡೆದುನಿಂತು, ಗಾಳಿ ಮಾತ್ರ ಹೊರಹೋಗುತ್ತದೆ. ಫಿಲ್ಟರು ಹರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ, ಯಂತ್ರವು ನೆಲದ ಹುಡಿಯನ್ನು ಎತ್ತಿ ಮೂಗಿನ ಮಟ್ಟಕ್ಕೆ ತಲುಪಿಸುವ ಸಾಧನವಾಗುತ್ತದೆ. ಹೆಪಾ ಎಂಬ ಅತಿಸೂಕ್ಷ್ಮ ಫಿಲ್ಟರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆಯಾದರೂ ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರು ಕಟ್ಟಿಕೊಂಡಾಗ ಎಳೆತ ಕುಗ್ಗಿ, ಮೋಟಾರಿನ ಸದ್ದು ಸಣ್ಣಗೆ, ಏರುದನಿಯಲ್ಲಿ ಕೇಳತೊಡಗುತ್ತದೆ. ಒಳಗೆಳೆದ ಗಾಳಿಯಿಂದಲೇ ತಣ್ಣಗಾಗುವ ಮನೆಬಳಕೆಯ ಯಂತ್ರಗಳಲ್ಲಿ ಇದರಿಂದ ಮೋಟಾರು ಕಾದು ಸುಡುವ ಸಂಭವವಿದೆ. ಆದ್ದರಿಂದ ಶೆಡ್ಡಿಗೆ ಬೇಕಾದದ್ದು ಮೋಟಾರಿಗೆ ಪ್ರತ್ಯೇಕ ಗಾಳಿಯ ದಾರಿಯಿರುವ, ಒಣ ಮತ್ತು ಹಸಿ ಕಸ ಎರಡನ್ನೂ ಎಳೆಯುವ ಯಂತ್ರ.

ಈ ಮೂರು ತಾಲ್ಲೂಕುಗಳಲ್ಲಿ ಯಂತ್ರದ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ ನಡೆಯುತ್ತದೆ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ಇರಿಚಲಿಗೆ ಹೆದರಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಕೆಲಸ ಮಾಡಬೇಕಾಗುವುದರಿಂದ ಹುಡಿ ಒಳಗೇ ಉಳಿದು, ಯಂತ್ರದ ಅಗತ್ಯ ಅತಿ ಹೆಚ್ಚಾಗಿರುವ ಈ ಕಾಲದಲ್ಲಿಯೇ ಮರದ ಹುಡಿ ತೇವವನ್ನು ಹೀರಿ ಫಿಲ್ಟರಿನ ಮಡಿಕೆಗಳಲ್ಲಿ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲ. ಸ್ಪಂಜು ಮತ್ತು ಬಟ್ಟೆಯವನ್ನು ತೊಳೆಯಬಹುದಾದರೂ ಒಣಗಿಸಲು ಬಿಸಿಲಿಲ್ಲ, ಬಚ್ಚಲೊಲೆಯ ಮೇಲೆ ಕಟ್ಟಿದರೆ ಅವುಗಳ ಪ್ಲಾಸ್ಟಿಕ್ ಅಂಚು ಸೊಟ್ಟಗಾಗಿ ಗಾಳಿ ಸೋರುತ್ತದೆ. ಹೀಗಾಗಿ ಎರಡು ಜೊತೆ ಫಿಲ್ಟರುಗಳನ್ನು ಇಟ್ಟುಕೊಂಡು, ಒಂದು ನೆರಳಿನಲ್ಲಿ ನಾಲ್ಕೈದು ದಿನ ಆರುತ್ತಿರುವಾಗ ಇನ್ನೊಂದನ್ನು ಬಳಸುವುದೇ ಇಲ್ಲಿಗೆ ಹೊಂದುವ ಕ್ರಮ. ನೀರೆಳೆದ ದಿನ ಡ್ರಮ್ಮನ್ನು ತೆರೆದೇ ಇಡಬೇಕು. ಮುಚ್ಚಿಟ್ಟರೆ ಬೂಸ್ಟು ಬೆಳೆದು, ಮರುದಿನ ಅದರ ಕಣಗಳೂ ಗಾಳಿಗೆ ಸೇರುತ್ತವೆ.

ಹಂಚಿಕೊಂಡ ಯಂತ್ರ ಕೆಡುವುದು ಬಹಳ ಬಳಸಿದ್ದರಿಂದಲ್ಲ, ಡ್ರಮ್ಮು ತುಂಬಿದ್ದನ್ನು ಕಂಡವರು ಅದನ್ನು ಮುಂದಿನವರ ಪಾಲಿಗೆ ಬಿಟ್ಟುಹೋಗುವುದರಿಂದ. ಡ್ರಮ್ಮು ಮುಕ್ಕಾಲು ತುಂಬುವ ಮೊದಲೇ ಬರಿದು ಮಾಡುವುದನ್ನು ಕೊನೆಯಲ್ಲಿ ಬಳಸಿದವರ ಕೆಲಸವೆಂದು ನಿಗದಿಪಡಿಸಿ, ಫಿಲ್ಟರು ಬದಲಿಸಿದ ತಾರೀಖನ್ನು ಡ್ರಮ್ಮಿನ ಮೇಲೆಯೇ ಬರೆದಿಟ್ಟರೆ ಅರ್ಧ ರಿಪೇರಿ ತಪ್ಪುತ್ತದೆ. ಮೋಟಾರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಕಿಡಿ ಹೆಚ್ಚಾದಾಗ, ಕಡಿಮೆ ಖರ್ಚಿನ ಆ ತುಂಡುಗಳನ್ನು ಬದಲಿಸದೆ ಮೋಟಾರನ್ನೇ ಕಳೆದುಕೊಳ್ಳುವುದು ದುಃಖದ ಸಂಗತಿ. ಅದೇ ಶೆಡ್ಡಿನಲ್ಲಿ ಕಬ್ಬಿಣವನ್ನೂ ಉಜ್ಜುವುದಾದರೆ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು: ಗ್ರೈಂಡರಿನ ಒಂದು ಬಿಸಿ ಕಿಡಿ ಒಣ ಹುಡಿ ತುಂಬಿದ ಡ್ರಮ್ಮಿನೊಳಗೆ ಹೊಕ್ಕು, ಎಲ್ಲರೂ ಮನೆಗೆ ಹೋದ ಮೇಲೆ ಬೆಂಕಿಯಾಗಿ ಏಳಬಹುದು.

ಪೈಪಿಗೂ ಯಂತ್ರಕ್ಕೂ ನಡುವೆ ಸೈಕ್ಲೋನ್ ಎಂಬ ಶಂಕುವಿನಾಕಾರದ ಪಾತ್ರೆಯನ್ನು ಜೋಡಿಸಿದರೆ, ಒಳಬಂದ ಗಾಳಿ ಸುಳಿಯಾಗಿ ಸುತ್ತಿ, ದಪ್ಪ ಹುಡಿಯೆಲ್ಲ ಕೆಳಗಿನ ಡಬ್ಬಿಗೆ ಬಿದ್ದು, ಫಿಲ್ಟರಿನ ಹೊರೆ ಬಹಳ ಇಳಿಯುತ್ತದೆ. ಬ್ರಿಟನ್ನಿನ ಜೇಮ್ಸ್ ಡೈಸನ್ ಚೀಲವಿಲ್ಲದ ಯಂತ್ರಕ್ಕೆ ಈ ತತ್ತ್ವವನ್ನು ಕಂಡುಕೊಂಡದ್ದು ಮರ ಕೊಯ್ಯುವ ಮಿಲ್ಲೊಂದರಲ್ಲಿ. 5,127 ಮಾದರಿಗಳನ್ನು ಮಾಡಿದ ಮೇಲೆ ಆತನಿಗೆ ಅದು ಒಲಿಯಿತು. ಡಬ್ಬಿಗೆ ಬಿದ್ದ ಹಲಸು, ಹೆಬ್ಬಲಸಿನ ಹುಡಿ ಹೊಟ್ಟಿನ ಒಲೆಗೆ ಉರುವಲಾದೀತು. ಪ್ಲೈವುಡ್ಡಿನ ಹುಡಿಯಲ್ಲಿ ಫಾರ್ಮಾಲ್ಡಿಹೈಡ್ ಅಂಟು ಬೆರೆತಿರುವುದರಿಂದ ಅದನ್ನು ಒಲೆಗೂ ದನದ ಕೊಟ್ಟಿಗೆಗೂ ಸೇರಿಸದೆ ಬೇರೆಯಾಗಿಯೇ ಕಟ್ಟಿಡಬೇಕು.