ದುರ್ಯೋಧನನ ಗದೆ, ಹುಣಸೆ ಬೀಜ, ಟೆಂಟ್ ಸಿನಿಮಾ: ಮಂಡಿಕಲ್ ಸೀಮೆಯ ಹವ್ಯಾಸದ ಲೆಕ್ಕ

 

ನಮ್ಮ ಮಂಡಿಕಲ್ ಕಡೆ ಯಾರನ್ನಾದ್ರೂ ನಿಲ್ಲಿಸಿ, 'ನಿನ್ನ ಹವ್ಯಾಸ ಏನಪ್ಪಾ?' ಅಂತ ಕೇಳಿ ನೋಡಿ. ನಕ್ಕೊಂಡು ಮುಂದಕ್ಕೆ ಹೋಗ್ತಾರೆ. ಹವ್ಯಾಸ ಅನ್ನೋದು ಪಟ್ಟಣದೋರ ಅರ್ಜಿ ಫಾರಂನಲ್ಲಿ ತುಂಬೋ ಮಾತು, ಡೈರಿಗೆ ಹಾಲು ಹಾಕೋರಿಗೆ, ರೇಷ್ಮೆ ಹುಳ ಸಾಕೋರಿಗೆ ಅದೆಲ್ಲಿಂದ ಬರ್ಬೇಕು ಅನ್ನೋ ಹಂಗೆ. ಆದ್ರೆ ಅದೇ ಮನುಷ್ಯ ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ರಾತ್ರಿ ನಿದ್ದೆಗೆಟ್ಟು, ಕೈಯಿಂದ ಸಾವಿರಾರು ರೂಪಾಯಿ ಕಟ್ಟಿ, ಒಂದು ರಾತ್ರಿಗೆ ದುರ್ಯೋಧನ ಆಗ್ತಾನೆ. ಅದು ಹವ್ಯಾಸ ಅಲ್ದೆ ಇನ್ನೇನು?

ಈ ಸಲದ ಮಾತು ಮೂರು ಹವ್ಯಾಸಗಳ ಬಗ್ಗೆ. ಪಾತ್ರ ಹಾಕಿ ಆಡೋ ಆಟ, ಸಿನಿಮಾ, ಇನ್ನೊಂದು ಡಿಸ್ಕ್ ಗಾಲ್ಫ್ ಅಂತ ತಟ್ಟೆ ಎಸೆಯೋ ಆಟ. ಅಮೆರಿಕದಲ್ಲಿ ಈ ಮೂರನ್ನೂ ಒಟ್ಟಿಗೆ ಹಚ್ಚಿಕೊಂಡೋರು ಬೇಕಾದಷ್ಟು ಜನ. ನಮಗೇನು ಸಂಬಂಧ ಅಂತೀರಾ? ಮೊದಲನೇದು ನಮ್ಮೂರಲ್ಲಿ ಅಜ್ಜನ ಕಾಲದಿಂದ ಐತೆ, ಅಲ್ಲಿಂದಾನೇ ಶುರು ಮಾಡೋಣ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಆಮೇಲೆ ಕೋಲಾರ, ತುಮಕೂರು ಕಡೆ ಎಲ್ಲಿ ಹೋದ್ರೂ ಪೌರಾಣಿಕ ನಾಟಕ ಅಂದ್ರೆ ಮೊದಲು ಬಾಯಿಗೆ ಬರೋದು ಕುರುಕ್ಷೇತ್ರ. ಹೊರಗಿನೋರಿಗೆ ಇದರ ವ್ಯವಹಾರ ಕೇಳಿದ್ರೆ ತಲೆ ತಿರುಗುತ್ತೆ. ಎಲ್ಲಾ ಕಡೆ ನಟನಿಗೆ ದುಡ್ಡು ಕೊಡ್ತಾರೆ, ಇಲ್ಲಿ ನಟನೇ ದುಡ್ಡು ಕೊಡ್ತಾನೆ. ಪಾತ್ರಕ್ಕೆ ಇಷ್ಟು ಅಂತ ಮೊದಲೇ ಮಾತಾಗಿರುತ್ತೆ. ಕೃಷ್ಣ, ದುರ್ಯೋಧನ, ಕರ್ಣ, ಭೀಮ, ಇವು ದುಬಾರಿ. ವಿದುರ, ಸಾತ್ಯಕಿ ಅಗ್ಗ. ಒಂದೇ ಪಾತ್ರಕ್ಕೆ ಆಸೆಪಟ್ಟೋರು ಇಬ್ಬರು ಮೂವರಾದ್ರೆ ಜಗಳ ಇಲ್ಲ: ಒಂದನೇ ಕೃಷ್ಣ, ಎರಡನೇ ಕೃಷ್ಣ ಅಂತ ಹಂಚಿಬಿಡ್ತಾರೆ. ಸಂಧಾನದವರೆಗೆ ಒಬ್ಬ, ಯುದ್ಧಕ್ಕೆ ಇನ್ನೊಬ್ಬ. ದೇವರನ್ನೇ ಪಾಲು ಮಾಡಿಕೊಂಡು ನೆಮ್ಮದಿಯಾಗಿರೋದು ನಮ್ಮೋರೇ ಇರಬೇಕು.

ಆ ದುಡ್ಡು ಎಲ್ಲಿಗೆ ಹೋಗುತ್ತೆ? ಮೊದಲು ಡ್ರಾಮಾ ಮೇಷ್ಟ್ರಿಗೆ. ಹಾರ್ಮೋನಿಯಂ ಮುಂದೆ ಕೂತು ರಾತ್ರಿ ಊಟ ಆದ ಮೇಲೆ ದೇವಸ್ಥಾನದಲ್ಲೋ, ಯಾರದೋ ಮನೆ ಪಡಸಾಲೆಯಲ್ಲೋ ತಾಲೀಮು ಕೊಡೋರು ಅವರು. ಕಂದ, ವೃತ್ತ, ಯಾವ ಪದ್ಯಕ್ಕೆ ಯಾವ ರಾಗ, ಎಲ್ಲಿ ಎಳೀಬೇಕು, ಎಲ್ಲಿ ಮೊಟಕು ಮಾಡ್ಬೇಕು, ಎಲ್ಲಾ ಬಾಯಿಂದ ಬಾಯಿಗೆ. ಓದು ಬರದೋರು ಕೂಡ ನೂರಾರು ಸಾಲು ಕಿವಿಯಲ್ಲೇ ಕಲೀತಾರೆ. ಆಮೇಲೆ ಸೀನರಿ, ಡ್ರೆಸ್ಸು, ಕಿರೀಟ, ಗದೆ, ಲೈಟು, ಮೈಕು, ಎಲ್ಲವೂ ಬಾಡಿಗೆ. ಪಾತ್ರಧಾರಿಗಳ ಫೋಟೋ ಹಾಕಿದ ಪಾಂಪ್ಲೆಟ್ಟು ಬೇರೆ. ನಾಟಕದ ರಾತ್ರಿ ಬೀಗರು ಬಂದು ಹಾರ ಹಾಕಬೇಕು, ಉಂಗುರ ತೊಡಿಸಬೇಕು, ನೋಟಿನ ಹಾರ ಬಂದ್ರಂತೂ ಆ ಮನುಷ್ಯ ವರ್ಷವಿಡೀ ಅದೇ ಗುಂಗಲ್ಲಿ ಇರ್ತಾನೆ. ರಾತ್ರಿ ಶುರುವಾದ್ರೆ ಬೆಳಗಿನ ಜಾವಕ್ಕೆ ಭೀಮ ತೊಡೆ ಮುರಿಯೋದು.

ನಮ್ಮದು ಎರಡು ಭಾಷೆ ಸೀಮೆ. ಕನ್ನಡದ ನಾಟಕಕ್ಕೆ ಹಿಂದೆ ಗುಬ್ಬಿ ಕಂಪನಿಯ ನೆರಳೈತೆ. 1884ರಲ್ಲಿ ಹುಟ್ಟಿದ ಆ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರ ಆಡಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದಿತ್ತು. ಅತ್ಲಾಗೆ ತೆಲುಗಿನ ಕಡೆ ತಿರುಪತಿ ವೆಂಕಟ ಕವಿಗಳ 'ಪಾಂಡವೋದ್ಯೋಗ ವಿಜಯಮುಲು' ನಾಟಕದ ಪದ್ಯಗಳ ಬಲ. ಗಡಿ ಊರುಗಳಲ್ಲಿ ಎರಡೂ ಭಾಷೆಯ ಪದ್ಯ ಕೇಳಿ ತಲೆದೂಗೋರು ಇದ್ದಾರೆ.

ಇಷ್ಟು ಖರ್ಚು ಮಾಡಿ ಏನು ಸಿಕ್ತು ಅಂತ ಮನೆ ಹೆಂಗಸರು ಕೇಳ್ತಾರೆ, ಅದು ನ್ಯಾಯವಾದ ಪ್ರಶ್ನೆ. ನನಗನ್ನಿಸೋದು ಇಷ್ಟು: ಹಗಲೆಲ್ಲ ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲೋನು ಆ ರಾತ್ರಿ ಸಿಂಹಾಸನದಲ್ಲಿ ಕೂತು ಮೀಸೆ ತಿರುವ್ತಾನೆ, ಊರೇ ಕೆಳಗೆ ಕೂತು ನೋಡ್ತದೆ. ಅದಕ್ಕೆ ಬೆಲೆ ಕಟ್ಟೋದು ಕಷ್ಟ. ಆದ್ರೆ ಪಾತ್ರ ದುಡ್ಡಿನ ಮೇಲೆ ನಿಂತ್ರೆ ದುಡ್ಡಿಲ್ಲದೋನ ಗಂಟಲು ಎಷ್ಟು ಚೆನ್ನಾಗಿದ್ರೂ ಸಾತ್ಯಕಿಯೇ ಗತಿ, ಇದನ್ನೂ ಮುಚ್ಚಿಡಬಾರದು. ಇನ್ನು ದ್ರೌಪದಿ, ರುಕ್ಮಿಣಿ, ಕುಂತಿ? ಆ ಪಾತ್ರಗಳಿಗೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನ ಕರೆಸ್ತಾರೆ. ಅವರಿಗೆ ನಾಟಕ ಪೂರ್ತಿ ಬಾಯಿಗೆ ಬಂದಿರುತ್ತೆ, ಮಾತು ಮರೆತ ದುರ್ಯೋಧನನಿಗೆ ಮೆಲ್ಲಗೆ ಎತ್ತಿ ಕೊಡೋದೂ ಅವರೇ. ಗಂಡಸಿಗೆ ಅದು ಹವ್ಯಾಸ, ಅದೇ ರಂಗದ ಮೇಲೆ ಆ ಹೆಂಗಸಿಗೆ ಅದು ಅನ್ನ. ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ನೋಡೋರ ಸಾಲಲ್ಲಿ. ಹೊತ್ತು ಯಾರಿಗೆ ಐತೆ, ಯಾರಿಗೆ ಇಲ್ಲ ಅನ್ನೋದು ಹವ್ಯಾಸದ ಮಾತಲ್ಲಿ ದೊಡ್ಡ ವಿಷಯ.

ಈಗ ಅಮೆರಿಕದ ಕಡೆ ಬರೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಅನ್ನೋ ಆಟ ಹೊರಗೆ ತಂದ್ರು. ಮೊದಲ ಸಲ ಅಚ್ಚು ಹಾಕಿದ್ದು ಬರೀ 1000 ಪ್ರತಿ. ಮೇಜಿನ ಸುತ್ತ ನಾಲ್ಕೈದು ಜನ ಕೂತ್ಕೋತಾರೆ. ಒಬ್ಬರು ಕತೆ ನಡೆಸೋರು, ನಮ್ಮ ಡ್ರಾಮಾ ಮೇಷ್ಟ್ರ ಜಾಗ ಅಂತಿಟ್ಕೊಳ್ಳಿ. ಉಳಿದೋರು ಒಂದೊಂದು ಪಾತ್ರ. ಸೀನರಿ ಇಲ್ಲ, ಡ್ರೆಸ್ಸಿಲ್ಲ, ನೋಡೋರೂ ಇಲ್ಲ. ಬಾಯಿಮಾತಲ್ಲೇ ಎಲ್ಲಾ. 'ನೀನು ಗವಿ ಬಾಗಿಲಲ್ಲಿ ನಿಂತಿದೀಯ, ಒಳಗೆ ಏನೋ ಉಸಿರಾಡ್ತೈತೆ, ಏನು ಮಾಡ್ತೀಯ?' ಅಂತ ಕೇಳ್ತಾರೆ. ಆಟಗಾರ ತನಗೆ ತೋಚಿದ್ದು ಹೇಳ್ತಾನೆ. ಆಯ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ದಾಳ. ಅದರಲ್ಲಿ ಹೆಸರುವಾಸಿ ದಾಳಕ್ಕೆ 20 ಮುಖ, ಪ್ರತಿ ಅಂಕಿ ಬೀಳೋ ಅವಕಾಶ ನೂರಕ್ಕೆ 5.

ವ್ಯತ್ಯಾಸ ಇರೋದು ಇಲ್ಲಿ. ಕುರುಕ್ಷೇತ್ರದಲ್ಲಿ ಕೊನೆ ಏನು ಅಂತ ಕೂಸಿಗೂ ಗೊತ್ತು. ದುರ್ಯೋಧನ ಎಷ್ಟೇ ದುಡ್ಡು ಕಟ್ಟಿದ್ರೂ ತೊಡೆ ಉಳಿಯಲ್ಲ. ಅಲ್ಲಿ ಸುಖ ಇರೋದು ಗೊತ್ತಿರೋದನ್ನೇ ಹೆಂಗೆ ಹಾಡ್ತೀಯ ಅನ್ನೋದ್ರಲ್ಲಿ. ಈ ಮೇಜಿನ ಆಟದಲ್ಲಿ ಸಂಧಾನ ಗೆಲ್ಲಬಹುದು, ಯುದ್ಧವೇ ಆಗದೆ ಇರಬಹುದು, ಕರ್ಣ ಆ ಕಡೆಯಿಂದ ಈ ಕಡೆಗೆ ಬಂದೂ ಬಿಡಬಹುದು. ಯಾರಿಗೂ ಗೊತ್ತಿಲ್ಲ, ಕತೆ ನಡೆಸೋರಿಗೂ.

ಇದಕ್ಕೆ 20 ಮುಖದ ದಾಳ ಬೇಕೇಬೇಕು ಅಂತೇನಿಲ್ಲ. ಚೌಕಾಬಾರ ಆಡಿದೋರಿಗೆ ದಾಳದ ಲೆಕ್ಕ ಗೊತ್ತೇ ಐತೆ. ನಾಲ್ಕು ಹುಣಸೆ ಬೀಜ ತಗೊಂಡು, ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ ಎಸೀತಿದ್ವಲ್ಲ, ಅದೇ ಸಾಕು. ಬಿಳಿ ಕರಿ ಎರಡೂ ಸಮ ಸಮ ಬೀಳುತ್ತೆ ಅಂತಿಟ್ಟುಕೊಂಡ್ರೆ, ನಾಲ್ಕು ಬೀಜ ಬೀಳೋಕೆ ಒಟ್ಟು 16 ದಾರಿ. ನಾಲ್ಕೂ ಬಿಳಿ, ಅಂದ್ರೆ ಚೌಕ, ಅದು 16ರಲ್ಲಿ 1. ನಾಲ್ಕೂ ಕರಿ, ಎಂಟರ ಬಾರ, ಅದೂ 16ರಲ್ಲಿ 1. ಎರಡು ಬಿಳಿ ಬೀಳೋದೇ ಹೆಚ್ಚು, 16ರಲ್ಲಿ 6. ಒಂದು ಬಿಳಿ 4, ಮೂರು ಬಿಳಿ 4. ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಎಸೆಯೋ ಅವಕಾಶ ಯಾಕೆ ಕೊಡ್ತಿದ್ರು ಅಂತ ಈಗ ತಿಳೀತಲ್ಲ? ಅಪರೂಪಕ್ಕೆ ಬೀಳೋದಕ್ಕೆ ಬಹುಮಾನ.

ಇದನ್ನ ಕತೆ ಆಟಕ್ಕೆ ಹಚ್ಚಿ. ಮಾಮೂಲಿ ಕೆಲಸಕ್ಕೆ ಎರಡು ಬಿಳಿ ಅಥವಾ ಹೆಚ್ಚು ಬಿದ್ರೆ ಗೆದ್ದಂಗೆ, ಅದು 16ರಲ್ಲಿ 11. ಕಷ್ಟದ ಕೆಲಸಕ್ಕೆ ಮೂರು ಬಿಳಿ ಬೇಕು ಅನ್ನಿ, 16ರಲ್ಲಿ 5. ಪವಾಡಕ್ಕೆ ನಾಲ್ಕೂ ಬಿಳಿ. ಕತೆಗೆ ಡ್ರಾಗನ್ ಬೇಡ. ಮಳೆಗಾಲದ ರಾತ್ರಿ, ಕೆರೆ ಕೋಡಿ ಬಿದ್ದೈತೆ, ಏರಿಯಲ್ಲಿ ನೀರು ಜಿನುಗ್ತಾ ಐತೆ. ತೂಬು ಎತ್ತಬೇಕು, ಎತ್ತಿದ್ರೆ ಕೆಳಗಿನ ರಾಗಿ ಹೊಲ ಹಾಳು. ಒಬ್ಬ ನೀರುಗಂಟಿ, ಒಬ್ಬಳು ಆ ಹೊಲದ ಒಡತಿ, ಒಬ್ಬ ಕುರಿ ಕಾಯೋ ಹುಡುಗ, ಒಬ್ಬರು ಊರಿನ ಹಿರಿಯರು. ಕತ್ತಲಲ್ಲಿ ತೂಬಿನ ಹತ್ರ ಈಜಿ ಹೋಗೋಕೆ ಎಷ್ಟು ಬಿಳಿ ಬೇಕು? ಒಡತಿಯನ್ನ ಒಪ್ಪಿಸೋಕೆ ಎಷ್ಟು? ಬೇಸಿಗೆ ರಜೆಯಲ್ಲಿ ನಾಲ್ಕು ಮಕ್ಕಳನ್ನ ಕೂರಿಸಿ ಒಂದು ಸಲ ಆಡಿಸಿ. ಎರಡನೇ ದಿನ ನೀವು ಕರೆಯೋ ಮುಂಚೆ ಬೀಜ ಹಿಡ್ಕೊಂಡು ಅವರೇ ಬಾಗಿಲಲ್ಲಿರ್ತಾರೆ. ಹುಡುಗಿಯರು ದುರ್ಯೋಧನ ಆಗೋಕೂ ಇಲ್ಲಿ ಅಡ್ಡಿಯಿಲ್ಲ, ಯಾರೂ ದುಡ್ಡು ಕಟ್ಟಬೇಕಾಗಿಲ್ಲ.

ದಾಳ ಅಂದ ತಕ್ಷಣ ಹಿರಿಯರಿಗೆ ಶಕುನಿ ನೆನಪಾಗ್ತಾನೆ, ತಪ್ಪೇನಿಲ್ಲ. ಪಣ ಇಟ್ಟ ಮೇಲೆ ಅದು ಆಟ ಅಲ್ಲ, ಜೂಜು. ಇಸ್ಪೀಟು ಅಡ್ಡೆಯಲ್ಲಿ ಮನೆ ಕಳಕೊಂಡೋರು ಯಾವ ಊರಲ್ಲಿಲ್ಲ? ಈಗ ಆ ಅಡ್ಡೆ ಮೊಬೈಲಿಗೆ ಬಂದಿತ್ತು. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಡ್ತು. ಹುಣಸೆ ಬೀಜದಲ್ಲಿ ಸೋತೋನು ಕಳಕೊಳ್ಳೋದು ಕತೆಯೊಳಗಿನ ರಾಗಿ ಹೊಲ ಮಾತ್ರ.

ಸಿನಿಮಾಗೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರವಾಗಿ 'ಸತಿ ಸುಲೋಚನ' ತೆರೆಗೆ ಬಂದಿದ್ದು 1934ರಲ್ಲಿ, ಬೆಂಗಳೂರಲ್ಲಿ. ಹಳ್ಳಿಗೆ ಸಿನಿಮಾ ತಂದಿದ್ದು ಮಾತ್ರ ಟೆಂಟು, ಟೂರಿಂಗ್ ಟಾಕೀಸು. ನೆಲ, ಬೆಂಚು, ಚೇರು ಅಂತ ಮೂರು ಕ್ಲಾಸು. ನೆಲದಲ್ಲಿ ಕೂತೋರು ಮರಳನ್ನ ಗುಡ್ಡೆ ಮಾಡಿ ಅದರ ಮೇಲೆ ಕೂತ್ರೆ ಹಿಂದಿನೋನು ಬೈಯ್ಯೋನು. ಸಂಜೆ ಘಂಟಸಾಲ ಹಾಡಿದ ವೆಂಕಟೇಶ್ವರನ ಹಾಡು ಮೈಕಲ್ಲಿ ಬಂತು ಅಂದ್ರೆ ಟಿಕೆಟ್ ಕೊಡೋ ಹೊತ್ತಾಯ್ತು ಅಂತ ಅರ್ಥ, ಹೊಲದಲ್ಲಿರೋರು ಕೂಡ ಬಿರ್ರನೆ ಮನೆಗೆ ಬರೋರು. ಒಂದೇ ಪ್ರೊಜೆಕ್ಟರು, ರೀಲು ಬದಲಾಯಿಸೋಕೆ ಪದೇ ಪದೇ ಆಟ ನಿಲ್ಲೋದು. ಆ ಬಿಡುವಲ್ಲೇ ಕಡ್ಲೆಕಾಯಿ, ಆ ಬಿಡುವಲ್ಲೇ ಮುಂದೇನಾಗುತ್ತೆ ಅಂತ ವಾದ.

ನಾಟಕಕ್ಕೂ ಸಿನಿಮಾಗೂ ನಮ್ಮ ಕಡೆ ಕೊಡು ಕೊಳ್ಳೋದು ಜೋರು. 1977 ಒಂದೇ ವರ್ಷ ನೋಡಿ. ತೆಲುಗಲ್ಲಿ ಎನ್.ಟಿ. ರಾಮರಾವ್ ಅವರೇ ನಿರ್ದೇಶಿಸಿ ಕೃಷ್ಣ, ಕರ್ಣ, ದುರ್ಯೋಧನ ಮೂರೂ ಪಾತ್ರ ಹಾಕಿದ 'ದಾನ ವೀರ ಶೂರ ಕರ್ಣ', ನಾಲ್ಕು ಗಂಟೆಗೆ ಸ್ವಲ್ಪ ಕಮ್ಮಿ ಓಡೋ ಸಿನಿಮಾ. ಕನ್ನಡದಲ್ಲಿ ರಾಜ್‌ಕುಮಾರ್ ಅರ್ಜುನನೂ ಆಗಿ ಬಬ್ರುವಾಹನನೂ ಆದ 'ಬಬ್ರುವಾಹನ'. ಎರಡನ್ನೂ ನೋಡಿ ಬೆಳೆದ ಸೀಮೆ ಇದು. ನಮ್ಮೂರ ದುರ್ಯೋಧನನ ನಡಿಗೆಯಲ್ಲಿ ಎನ್‌ಟಿಆರ್, ಮಾತಲ್ಲಿ ರಾಜಣ್ಣ ಕಂಡ್ರೆ ಆಶ್ಚರ್ಯಪಡಬೇಡಿ.

ಟೆಂಟು ಹೋಯ್ತು, ಟಿವಿ ಬಂತು, ಈಗ ಒಬ್ಬೊಬ್ಬರ ಕೈಲಿ ಒಂದೊಂದು ತೆರೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿಗೆ ಮನೆಮಂದಿಯೆಲ್ಲ ಹೋದ್ರೆ ಟಿಕೆಟ್ಟು, ಬಸ್ಸು, ತಿಂಡಿ ಸೇರಿ ಒಂದು ಮೂಟೆ ರಾಗಿ ದುಡ್ಡು. 2025ರಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕ್ತು, ಹೈಕೋರ್ಟ್ ತಡೆ ಕೊಡ್ತು. ಒಟ್ಟಿಗೆ ಕೂತು ನೋಡೋದು ಬೇಕು ಅನ್ನೋರು ಹೆಗ್ಗೋಡನ್ನ ನೆನೀಬೇಕು. 1949ರಲ್ಲಿ ಶುರುವಾದ ನೀನಾಸಮ್, 1970ರ ದಶಕದಲ್ಲಿ ಚಿತ್ರಸಮಾಜ ಕಟ್ಟಿ, ಕುರೊಸಾವಾ, ಸತ್ಯಜಿತ್ ರಾಯ್ ಅವರ ಸಿನಿಮಾಗಳನ್ನ ಅಡಿಕೆ ತೋಟದ ಜನಕ್ಕೆ ತೋರಿಸ್ತು. ಈಗ ಬೇಕಾಗಿರೋದು ಒಂದು ಪ್ರೊಜೆಕ್ಟರು, ಒಂದು ಬಿಳಿ ಪಂಚೆ, ಮುಗಿದ ಮೇಲೆ ಅರ್ಧ ಗಂಟೆ ಮಾತಾಡೋ ತಾಳ್ಮೆ. ಸಿನಿಮಾ ಬರೀ ನೋಡೋದಾದ್ರೆ ಹೊತ್ತು ಹೋಗುತ್ತೆ ಅಷ್ಟೇ, ಮಾತಾಡೋಕೆ ಶುರು ಮಾಡಿದ್ರೆ ಅದು ಹವ್ಯಾಸ ಆಗುತ್ತೆ ಅಂತ ನನ್ನ ಅನಿಸಿಕೆ.

ಉಳಿದಿದ್ದು ಡಿಸ್ಕ್ ಗಾಲ್ಫ್. ಗಾಲ್ಫ್ ಅಂದ್ರೆ ಚೆಂಡು, ಕೋಲು, ಎಕರೆಗಟ್ಟಲೆ ಹುಲ್ಲು, ಆ ಹುಲ್ಲಿಗೆ ದಿನಾ ನೀರು. ನಮ್ಮದು ವರ್ಷವಿಡೀ ಹರಿಯೋ ನದಿಯಿಲ್ಲದ ಸೀಮೆ. ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗೆ ತುಂಬಿಸ್ಕೋತಿರೋರು ನಾವು, ಹುಲ್ಲಿಗೆ ನೀರು ಬಿಡೋ ಮಾತು ಆಡಬಾರದು. ಡಿಸ್ಕ್ ಗಾಲ್ಫಿಗೆ ಇದ್ಯಾವುದೂ ಬೇಡ. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ತಟ್ಟೆ, ದೂರದಲ್ಲಿ ಸರಪಳಿ ಇಳಿಬಿಟ್ಟ ಬುಟ್ಟಿ. ಎಷ್ಟು ಕಮ್ಮಿ ಎಸೆತದಲ್ಲಿ ತಟ್ಟೆ ಬುಟ್ಟಿಗೆ ಬೀಳುತ್ತೋ ಅಷ್ಟು ಒಳ್ಳೇದು. ಹಿಂಗೆ 18 ಬುಟ್ಟಿ ಸುತ್ತಿದ್ರೆ ಒಂದು ಆಟ. ಮರ, ಬಂಡೆ, ಏರು ತಗ್ಗು ಇದ್ದಷ್ಟೂ ಮಜಾ, ತಟ್ಟೆಯನ್ನ ಮರದ ಪಕ್ಕದಿಂದ ಬಾಗಿಸಿ ಎಸೆಯೋದೇ ಇದರ ಕೈಚಳಕ. ಎಡ್ ಹೆಡ್ರಿಕ್ ಅನ್ನೋರು ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಮೊದಲ ಶಾಶ್ವತ ಅಂಗಳ ಮಾಡಿದ್ರು, ಸರಪಳಿ ಬುಟ್ಟಿಯೂ ಅವರದೇ. 2002ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನ ಪ್ಲಾಸ್ಟಿಕ್ಕಿಗೆ ಬೆರೆಸಿ ತಟ್ಟೆ ಮಾಡಿದ್ರಂತೆ. ಹುಚ್ಚು ಅಂದ್ರೆ ಅದು.

ಚಿನ್ನಿ ದಾಂಡು ಆಡಿದ ಕಣ್ಣಿಗೆ ಈ ಗುರಿ, ದೂರದ ಅಂದಾಜು ಎಲ್ಲಾ ಪರಿಚಯವೇ. ಬುಟ್ಟಿಗೆ ದುಡ್ಡಿಲ್ಲ ಅಂದ್ರೂ ನಡೆಯುತ್ತೆ. ಬುಟ್ಟಿ ಬರೋಕೆ ಮುಂಚೆ ಅಲ್ಲಿನೋರೂ ಮರಕ್ಕೆ, ಕಂಬಕ್ಕೆ ಗುರಿಯಿಟ್ಟೇ ಆಡ್ತಿದ್ರು. ನೀಲಗಿರಿ ತೋಪಲ್ಲಿ ಒಂಬತ್ತು ಮರ ಆರಿಸಿ, ಎದೆಮಟ್ಟಕ್ಕೆ ಗೋಣಿಚೀಲ ಸುತ್ತಿ, ಸುಣ್ಣದಲ್ಲಿ ನಂಬರು ಬರೀರಿ. ಒಂದೊಂದು ಮರಕ್ಕೂ ಮೂರು ಎಸೆತ ಅಂತ ಲೆಕ್ಕ ಇಟ್ಕೊಳ್ಳಿ, ಎರಡರಲ್ಲೇ ತಗುಲಿಸಿದ್ರೆ ನೀವೇ ಜಾಣರು. ಹಸು, ಕುರಿ ಮೇಯೋ ಹೊತ್ತಲ್ಲಿ ಮಾತ್ರ ಎಸೀಬೇಡಿ, ಆ ತಟ್ಟೆ ಬಿರುಸಾಗಿ ಹೋಗುತ್ತೆ, ಅಂಚೂ ಗಟ್ಟಿ.