ಹಗೇವಿನ ರಾಗಿಯೂ ಉಸಿರಾಡುತ್ತದೆ

ಬಿನ್ನಿಪೇಟೆಯ ಮಗಳ ಮನೆಗೆ ರಾಗಿ ಕೊಡಲು ಹೋಗಿದ್ದೆ. ಹತ್ತನೇ ಕ್ಲಾಸಿನ ಮೊಮ್ಮಗಳು ಗಟ್ಟಿಯಾಗಿ ಪಾಠ ಓದ್ತಿದ್ದಳು: ಜೀವಕೋಶದಲ್ಲಿ ಗ್ಲೂಕೋಸ್ ಒಡೆದು ಶಕ್ತಿ ಬರುತ್ತದಂತೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ತಲೆಗೆ ಹತ್ತಲಿಲ್ಲ. "ತಾತ, ನೀನು ತಂದಿರೋ ರಾಗೀನೂ ಉಸಿರಾಡ್ತದೆ" ಅಂದಳು. ಆಗ ನಮ್ಮ ಹಗೇವು ನೆನಪಾಯ್ತು.

ಮಾಗಡಿ ಸೀಮೆಯ ನಮ್ಮೂರಲ್ಲಿ ಮೊದಲು ರಾಗಿಯನ್ನು ಹಗೇವಿಗೇ ತುಂಬುತ್ತಿದ್ದೆವು. ಹುಡುಗನಾಗಿದ್ದಾಗ ಒಮ್ಮೆ ಬಾಯಿ ತೆಗೆದ ಕೂಡಲೇ ಇಳಿಯಲು ಹೋದೆ. ಅಪ್ಪ ರಟ್ಟೆ ಹಿಡಿದು ಎಳೆದು, ಹಗ್ಗದಲ್ಲಿ ದೀಪ ಇಳಿಬಿಟ್ಟರು. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿಹೋಯಿತು. "ಒಳಗೆ ಕೆಟ್ಟ ಗಾಳಿ" ಅಂದರು. ಅದು ಎಲ್ಲಿಂದ ಬಂತೆಂದು ಈಗ ತಿಳೀತು.

ಕಾಳು ಜೀವಂತ ವಸ್ತು. ಅದರ ಪಿಷ್ಟ ಕರಗಿ ಗ್ಲೂಕೋಸ್ ಆಗುತ್ತದೆ. ಒಂದು ಗ್ಲೂಕೋಸ್ ಅಣುವಿನಲ್ಲಿ 6 ಇಂಗಾಲ. ಜೀವಕೋಶ ಮೊದಲು ಅದನ್ನು 3 ಇಂಗಾಲದ ಎರಡು ಹೋಳು ಮಾಡುತ್ತದೆ. ಇದಕ್ಕೆ ಆಮ್ಲಜನಕ ಬೇಡ, ಆದರೆ ಲಾಭ 2 ಎಟಿಪಿ ಮಾತ್ರ. ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ಕಾಸು. ಯಾವ ಕೆಲಸಕ್ಕೂ ಅದನ್ನೇ ಖರ್ಚು ಮಾಡಬೇಕು. ಆಮೇಲೆ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಯಲ್ಲಿ ಆಮ್ಲಜನಕ ಸೇರಿ ಹೋಳುಗಳು ಪೂರ್ತಿ ಒಡೆದರೆ ಒಟ್ಟು ಸುಮಾರು 30 ಸಿಗುತ್ತದೆ. ಕೊನೆಗೆ ಉಳಿಯೋದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ.

ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು, ಬೂಷ್ಟು ಎಲ್ಲ ಸೇರಿ ಆಮ್ಲಜನಕ ಮುಗಿಸುತ್ತವೆ. ಹುಳ ಸಾಯುತ್ತದೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ತಿಳಿಯದೆ ಇಳಿದವನಿಗೂ ಹುಳದ ಗತಿಯೇ.

ಇನ್ನೊಂದು ಪಾಠ ನಾನು ನಷ್ಟಪಟ್ಟು ಕಲಿತದ್ದು. ಒದ್ದೆ ಕಾಳಿಗೆ ಉಸಿರಾಟ ಜೋರು. ಹಿಂದಿನ ವರ್ಷ ಮೋಡದ ದಿನಗಳಲ್ಲಿ ಒಕ್ಕಣೆ ಮಾಡಿ, ಅರೆಬರೆ ಒಣಗಿದ ರಾಗಿಯನ್ನೇ ಬೀಜಕ್ಕೆ ಕಟ್ಟಿಟ್ಟೆ. ಹದಿನೈದು ದಿನ ಬಿಟ್ಟು ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿತ್ತು! ಬಿತ್ತಿದಾಗ ಅರ್ಧದಷ್ಟೂ ಹುಟ್ಟಲಿಲ್ಲ. ಬಿಸಿಗೂ ಬೂಷ್ಟಿಗೂ ಮೊಳಕೆ ಚೀಲದಲ್ಲೇ ಸತ್ತಿತ್ತು. ಮಳೆ ಹದವಾಗಿದ್ದರೂ ಹೊಲ ಬೋಳು.

ಬೀಜದ ರಾಗಿಯಲ್ಲಿ ತೇವ ಶೇ. 12 ಮೀರದಂತೆ ಒಣಗಿಸಿ. ಈಗಲೂ ಹಗೇವು ಇಟ್ಟುಕೊಂಡಿರುವವರು ಬಾಯಿ ತೆಗೆದು ಚೆನ್ನಾಗಿ ಗಾಳಿಯಾಡಲು ಬಿಡಿ. ದೀಪ ಆರದಿದ್ದರೂ ಅದನ್ನೇ ನಂಬಬೇಡಿ. ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರಿರಲಿ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ರಾಗಿ ಇನ್ನೊಂದು ವರ್ಷ ಬೆಳೆಯಬಹುದು.