ಹ್ಯೋಸಾನ್ ಶಾಲೆಯ ವಿಜ್ಞಾನ ಮಾಷ್ಟ್ರು ಮಾಡಿದ್ದು ಸರಿಯೇ?

2022ರ ಜನವರಿ 28ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಕೊರಿಯಾದ ಸರಣಿ 'ಆಲ್ ಆಫ್ ಅಸ್ ಆರ್ ಡೆಡ್'. ಹನ್ನೆರಡು ಕಂತು. ದೊಡ್ಡವರಿಗೆಂದು ಗುರುತು ಹಾಕಿದ್ದು, ರಕ್ತಪಾತ ಬೇಕಾದಷ್ಟು ಉಂಟು. ಮಕ್ಕಳಿಗೆ ತೋರಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಒಂಬತ್ತು, ಹತ್ತನೆಯ ತರಗತಿಯವರು ನಮ್ಮ ಅನುಮತಿಗೆ ಕಾಯುವವರಲ್ಲ. ಹಾಗಾಗಿ ಇದರ ಬಗ್ಗೆ ಮಾತಾಡುವುದೇ ವಾಸಿ. ವಿಜ್ಞಾನ ಕಲಿಸುವವರಿಗಂತೂ ಇದು ಬಿಡುವ ಕಥೆಯಲ್ಲ. ಯಾಕೆಂದರೆ ಇಡೀ ಅನಾಹುತ ಶುರುವಾಗುವುದೇ ಹೈಸ್ಕೂಲಿನ ವಿಜ್ಞಾನ ಲ್ಯಾಬಿನಲ್ಲಿ, ಮಾಡಿದವರು ವಿಜ್ಞಾನ ಮಾಷ್ಟ್ರು.

ಲೀ ಬ್ಯೋಂಗ್-ಛಾನ್ ಎಂಬ ಈ ಮಾಷ್ಟ್ರ ಮಗನನ್ನು ಸಹಪಾಠಿಗಳು ಹಿಂಸಿಸುತ್ತಾರೆ. ಶಾಲೆ ಅದನ್ನು ಮುಚ್ಚಿಹಾಕುತ್ತದೆ. ಭಯವನ್ನು ಕೋಪವಾಗಿ ಬದಲಿಸಿದರೆ ಮಗ ತಿರುಗಿ ನಿಂತಾನು ಎಂದು ಅಪ್ಪ ಮಾಡಿದ ಪ್ರಯೋಗದಿಂದ 'ಜೋನಾಸ್' ವೈರಸ್ ಹುಟ್ಟುತ್ತದೆ. ಲ್ಯಾಬಿನ ಹ್ಯಾಮ್‌ಸ್ಟರ್ ಹ್ಯೋನ್-ಜು ಎಂಬ ಹುಡುಗಿಯ ಬೆರಳು ಕಚ್ಚುತ್ತದೆ. ಮಾಷ್ಟ್ರು ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಬದಲು ಕೂಡಿಹಾಕುತ್ತಾರೆ. ತಪ್ಪಿಸಿಕೊಂಡು ಬಂದವಳು ಶಾಲೆಯ ನರ್ಸಿಗೆ ಕಚ್ಚುತ್ತಾಳೆ, ಆಂಬುಲೆನ್ಸಿನಲ್ಲಿ ಊರಿನ ಆಸ್ಪತ್ರೆಗೂ ಹೋಗುತ್ತಾಳೆ. ಅಲ್ಲಿಗೆ ಊರು ಮುಗಿಯಿತು.

"ಎಂತ ಟೀಚರೇ, ಜೊಂಬಿ ಕಥೆಗೆ ಲಾಜಿಕ್ ಉಂಟಾ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮಾಷ್ಟ್ರು ನಕ್ಕರು. ಉಂಟು, ಅರ್ಧಂಬರ್ಧ. ಭಯ ಕಳೆಯುವ ರೋಗಾಣು ಎಂಬ ಕಲ್ಪನೆ ಗಾಳಿಯಿಂದ ಬಂದದ್ದಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಪರಾವಲಂಬಿ ಹೊಕ್ಕ ಇಲಿಗಳಿಗೆ ಬೆಕ್ಕಿನ ವಾಸನೆಯ ಭಯ ಕಡಿಮೆಯಾಗುತ್ತದೆ. ಆ ಜೀವಿಯ ಲೈಂಗಿಕ ಹಂತ ನಡೆಯುವುದು ಬೆಕ್ಕಿನ ಕರುಳಿನಲ್ಲಿ, ಇಲಿ ಬೆಕ್ಕಿನ ಬಾಯಿಗೆ ಬಿದ್ದರೆ ಅದಕ್ಕೆ ಲಾಭ. ಆದರೆ ಇಲಿ ಧೈರ್ಯಗೊಂಡು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಸುಮ್ಮನೆ ತಿನ್ನಿಸಿಕೊಳ್ಳುತ್ತದೆ. ಬ್ಯೋಂಗ್-ಛಾನ್ ಮಾಷ್ಟ್ರು ಈ ವ್ಯತ್ಯಾಸ ಗಮನಿಸಿದ್ದರೆ ಕಥೆಯೇ ಇರುತ್ತಿರಲಿಲ್ಲ.

ನಿಜವಾಗಿ ನಂಬಲಾಗದ್ದು ವೇಗ. ಕಚ್ಚಿಸಿಕೊಂಡ ಹ್ಯಾಮ್‌ಸ್ಟರ್ ಹುಡುಗಿಗೆ ಲಕ್ಷಣ ಪೂರ್ತಿ ಬರಲು ಸಾಕಷ್ಟು ಹೊತ್ತು ಬೇಕು, ಊಟದ ಹಾಲಿನಲ್ಲಿ ಕಚ್ಚಿಸಿಕೊಂಡವರು ಮಾತ್ರ ಕ್ಷಣಗಳಲ್ಲಿ ಎದ್ದು ಓಡುತ್ತಾರೆ. ಕಚ್ಚಿದ ಜಾಗ ಬೇರೆಯಲ್ಲವೇ ಎಂದು ಗಣಿತದ ಮಾಷ್ಟ್ರ ವಾದ. ಅದರಲ್ಲಿ ಸತ್ಯ ಉಂಟು. ರೇಬಿಸ್ ವೈರಸ್ ನರದ ದಾರಿ ಹಿಡಿದು ಮಿದುಳಿಗೆ ಏರುತ್ತದೆ, ಆದ್ದರಿಂದ ಮುಖಕ್ಕೆ ಕಚ್ಚಿದರೆ ಕಾಲಿಗೆ ಕಚ್ಚಿದ್ದಕ್ಕಿಂತ ಬೇಗ ರೋಗ ಕಾಣಿಸಿಕೊಳ್ಳುತ್ತದೆ. ಆದರೆ ಅಲ್ಲಿಯ ಲೆಕ್ಕ ವಾರ, ತಿಂಗಳುಗಳದ್ದು. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಹೊಕ್ಕ ವೈರಸ್ ಜೀವಕೋಶದೊಳಗೆ ತನ್ನ ಪ್ರತಿ ಮಾಡಿಕೊಳ್ಳಬೇಕು, ಹರಡಬೇಕು. ಅದಕ್ಕೆ ಸೆಕೆಂಡುಗಳು ಸಾಲವು.

ಈ ನಿಧಾನವೇ ನಮ್ಮನ್ನು ಉಳಿಸಿದ್ದು. 1885ರಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ನಾಯಿ ಕಚ್ಚಿದ *ಮೇಲೆ* ಲಸಿಕೆ ಕೊಟ್ಟರು. ಕಚ್ಚಿದ ಮೇಲೂ ಲಸಿಕೆ ಕೆಲಸ ಮಾಡುವುದು ವೈರಸ್ ಮಿದುಳು ಮುಟ್ಟುವ ಮೊದಲು ದೇಹಕ್ಕೆ ಸಿದ್ಧವಾಗಲು ಸಮಯ ಸಿಗುವುದರಿಂದ. ಜೊಂಬಿ ಕಥೆಗಾರನಿಗೆ ಆ ಸಮಯ ಬೇಡ. ಲಸಿಕೆಗೆ ಜಾಗ ಕೊಟ್ಟರೆ ಎರಡನೇ ಕಂತಿಗೇ ಸರಣಿ ನಿಲ್ಲಬೇಕಾದೀತು!

ಪಾತ್ರಗಳ ತೀರ್ಮಾನಗಳಲ್ಲಿ ನನಗೆ ತುಂಬ ಕಾಡಿದ್ದು ನಾ-ಯೋನ್ ಮಾಡಿದ್ದು. ಗ್ಯೋಂಗ್-ಸು ಎಂಬ ಹುಡುಗನ ಕೈಯಲ್ಲಿ ಗಾಯ ಉಂಟು. ಸೋಂಕು ತಗಲಿದೆ ಎಂದು ಅವಳ ಹಟ. ಉಳಿದವರು ಅವನನ್ನು ಬೇರೆ ಕೋಣೆಯಲ್ಲಿ ಕೂರಿಸಿ ಕಾಯುತ್ತಾರೆ. ಒಳ್ಳೆಯ ಪ್ರಯೋಗವೇ: ಪ್ರತ್ಯೇಕಿಸು, ಸಮಯ ನೋಡು, ಲಕ್ಷಣ ಗಮನಿಸು. ಸಮಯ ಕಳೆದರೂ ಅವನಿಗೆ ಏನೂ ಆಗುವುದಿಲ್ಲ. ಆಗ ನಾ-ಯೋನ್ ಸೋಂಕಿತ ರಕ್ತ ಹಿಡಿದ ಬಟ್ಟೆಯನ್ನು ಗುಟ್ಟಾಗಿ ಅವನ ಗಾಯಕ್ಕೆ ಒರೆಸುತ್ತಾಳೆ. ಅವನು ಜೊಂಬಿಯಾಗುತ್ತಾನೆ, ಅವಳ ಊಹೆ 'ಸರಿ'ಯಾಗುತ್ತದೆ. ನಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಉತ್ತರ ಮೊದಲು ಬರೆದು ಆಮೇಲೆ ರೀಡಿಂಗ್ ತುಂಬಿಸುವವರು ಇದ್ದಾರಲ್ಲ, ಅವರಿಗೆ ಈ ದೃಶ್ಯ ಹೇಳಿ ನೋಡಿ. ನಾನು ಹೇಳಿದಾಗ ಹಿಂದಿನ ಬೆಂಚು ಒಮ್ಮೆ ತಣ್ಣಗಾಯಿತು.

ಸೇನಾಧಿಕಾರಿಯ ಬಗ್ಗೆ ಮಾತ್ರ ನಮ್ಮೊಳಗೆ ಒಮ್ಮತ ಬರಲಿಲ್ಲ. ಮಹಡಿಯ ಮೇಲೆ ಕಾಯುತ್ತಿದ್ದ ಮಕ್ಕಳನ್ನು ಕರೆತರಬೇಕಾದ ಹೆಲಿಕಾಪ್ಟರನ್ನು ಅವನು ವಾಪಸು ಕರೆಸುತ್ತಾನೆ, ಯಾಕೆಂದರೆ ಲಕ್ಷಣವೇ ಇಲ್ಲದ ಸೋಂಕಿತರು ಇರಬಹುದೆಂದು ಅಷ್ಟರಲ್ಲಿ ತಿಳಿದಿರುತ್ತದೆ. ಕೊನೆಗೆ ಊರಿಗೇ ಬಾಂಬು. ಲಕ್ಷಣವಿಲ್ಲದ ವಾಹಕರು ಕಲ್ಪನೆಯಲ್ಲ. ಕೋವಿಡ್ ಕಾಲದಲ್ಲಿ ನಾವೇ ಕಂಡಿದ್ದೇವೆ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತನಗೆ ಕಾಯಿಲೆಯಿಲ್ಲದೆ ಟೈಫಾಯ್ಡ್ ಹಂಚಿದಳು. ಅವಳನ್ನು 1907ರಲ್ಲಿ ಒಮ್ಮೆ ಪ್ರತ್ಯೇಕಿಸಿದರು, ಬಿಟ್ಟ ಮೇಲೆ ಮತ್ತೆ ಅಡುಗೆ ಕೆಲಸಕ್ಕೆ ಸೇರಿದ್ದರಿಂದ 1915ರಿಂದ 1938ರಲ್ಲಿ ಸಾಯುವವರೆಗೂ ಇಟ್ಟರು. ಬಿಟ್ಟರೆ ಇತರರಿಗೆ ಅಪಾಯ, ಇಟ್ಟರೆ ಅವಳಿಗೆ ಅನ್ಯಾಯ. ಆದರೂ ಅವಳಿಗೆ ಊಟ, ಮನೆ, ಪರೀಕ್ಷೆ ಸಿಕ್ಕಿತು. ಹ್ಯೋಸಾನ್ ಮಕ್ಕಳನ್ನು ಬೇರೆಯಾಗಿ ಇಟ್ಟು ನೋಡಬಹುದಿತ್ತು ಎಂಬುದು ನನ್ನ ಪಕ್ಷ. ಅಷ್ಟು ಹೊತ್ತು ಎಲ್ಲಿತ್ತು ಎಂಬುದು ಗಣಿತದ ಮಾಷ್ಟ್ರದ್ದು.

ಇನ್ನು ನಮ್ಮೂರಿನ ಸಂಗತಿ. ಜೊಂಬಿ ಕಥೆಗಳಲ್ಲಿ ಕಚ್ಚಿಸಿಕೊಂಡವರು ತೋಳು ಇಳಿಬಿಟ್ಟು ಗಾಯ ಮುಚ್ಚುತ್ತಾರೆ, ನಾವು ನೋಡುತ್ತಾ ಬಯ್ಯುತ್ತೇವೆ. ಶಾಲೆಗೆ ಬರುವ ದಾರಿಯಲ್ಲಿ ನಾಯಿ ಪರಚಿದ್ದನ್ನು ಮಕ್ಕಳು ಮನೆಯಲ್ಲಿ ಹೇಳುವುದಿಲ್ಲ, ಇಂಜೆಕ್ಷನಿನ ಹೆದರಿಕೆ, ಬೈಗುಳದ ಹೆದರಿಕೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಕಚ್ಚಿದರೆ, ಪರಚಿದರೆ ತಕ್ಷಣ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅರಸಿನ, ಸುಣ್ಣ ಮೆತ್ತಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಡಾಕ್ಟರು ಹೇಳಿದ ಅಷ್ಟೂ ದಿನದ ಲಸಿಕೆ ತಪ್ಪದೆ ಹಾಕಿಸಬೇಕು. ನಾಯಿ ಮಾತ್ರವಲ್ಲ, ಬೆಕ್ಕಿಗೂ ಇದೇ.

ತರಗತಿಯಲ್ಲಿ ಹರಡುವಿಕೆ ತೋರಿಸಲು ಒಂದು ಸುಲಭ ಚಟುವಟಿಕೆ ಉಂಟು. ಪ್ರತಿಯೊಬ್ಬರಿಗೂ ಅರ್ಧ ಲೋಟ ನೀರು, ಒಬ್ಬರ ಲೋಟದಲ್ಲಿ ಮಾತ್ರ ಸುಣ್ಣದ ತಿಳಿನೀರು. ಯಾರದ್ದೆಂದು ಹೇಳಬೇಡಿ, ಯಾರೂ ಕುಡಿಯದಂತೆ ನೋಡಿಕೊಳ್ಳಿ. ಪ್ರತಿ ಸುತ್ತಿಗೆ ಇಬ್ಬಿಬ್ಬರು ನೀರು ಬೆರೆಸಿ ಅರ್ಧರ್ಧ ಹಂಚಿಕೊಳ್ಳಲಿ. ಕೊನೆಗೆ ಎಲ್ಲದಕ್ಕೂ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ. ಮೂರು ಸುತ್ತಿಗೆ ಹೆಚ್ಚೆಂದರೆ 8, ಐದು ಸುತ್ತಿಗೆ 32 ಲೋಟ ಗುಲಾಬಿ. ಮೊದಲು ಯಾರ ಲೋಟವಿತ್ತು ಎಂದು ಹಿಂದಕ್ಕೆ ಹುಡುಕಲು ಬಿಡಿ. ನಮ್ಮ ಒಂಬತ್ತನೆಯವರು ಕರಿಹಲಗೆ ತುಂಬ ಗೆರೆ ಎಳೆದು ಮೂವರವರೆಗೆ ಬಂದರು, ಅಷ್ಟರಲ್ಲಿ ಬೆಲ್ ಹೊಡೆಯಿತು.